ಹೆಂಚಿನ ಕಾರ್ಖಾನೆ ಜಾಗದ ಪಾರ್ಕು

ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಹತ್ತಿಕೊಂಡಿದ್ದ ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಜಾಗ ಎಷ್ಟೋ ವರ್ಷ ಪೊದೆ ಬೆಳೆದು ಹಾಳುಬಿದ್ದಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಲ್ಲಿ ಪಾರ್ಕು ಮಾಡಿದರು. ಹುಲ್ಲುಹಾಸು, ಹೊಂಗೆ ಗಿಡಗಳು, ಹೊಳೆಗೆ ಮುಖ ಮಾಡಿದ ಕಲ್ಲುಬೆಂಚುಗಳು. ಅದೇ ಊರಿನ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಸಂಜೆ ಅಲ್ಲಿ ಅರ್ಧ ಗಂಟೆ ಕೂರದಿದ್ದರೆ ಸಮಾಧಾನವಿರುತ್ತಿರಲಿಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಅಕ್ಕ ಹರೆಯದಲ್ಲಿ ಆ ಕಾರ್ಖಾನೆಗೆ ಮಣ್ಣು ಹೊತ್ತವರು. ಪಾರ್ಕನ್ನು ಅವರು ನೋಡಿಯೇ ಇರಲಿಲ್ಲ. ಒಂದು ಶನಿವಾರ ಒತ್ತಾಯ ಮಾಡಿ ಕರೆದುಕೊಂಡು ಹೋದೆ.

“ಇಲ್ಲೇ ಕಣ್ರೀ ಟೀಚರಮ್ಮ, ಹೆಂಚು ಸುಡೋ ಭಟ್ಟಿ ಇದ್ದುದ್ದು. ನಿಂತ್ರೆ ಮಕ ಸುಟ್ಟೋಗೋದು. ಈಗ ನೋಡಿ, ಎಂಗೆ ತಣ್ಣಗೈತೆ” ಎನ್ನುತ್ತ ಅವರು ಬೆಂಚಿನ ಮೇಲೆ ಕೂತು ಕಾಲು ಚಾಚಿದರು.

ಅಷ್ಟರಲ್ಲಿ ವಾಚ್‌ಮನ್ ಬಂದ. “ಏಳಮ್ಮ ಮೇಲಕ್ಕೆ. ಕೂಲಿಯೋರು ಬೆಂಚ್ ಮ್ಯಾಲೆ ಕೂರಂಗಿಲ್ಲ.”

ನಾನೂ ಎದ್ದೆ. “ನೀವು ಕೂತ್ಕಳಿ ಮೇಡಂ, ನಿಮಗಲ್ಲ ಯೋಳಿದ್ದು” ಅಂದ. ಮಾಸಿದ ಸೀರೆ, ಬರಿಗಾಲು ನೋಡಿಯೇ ತೀರ್ಮಾನ ಮಾಡಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಯಾರು ಮಾಡಿದ ರೂಲ್ಸು ಎಂದು ಕೇಳಿದರೆ ಪಾರ್ಕು ನೋಡಿಕೊಳ್ಳುವ ಕಂಟ್ರಾಕ್ಟರ್ ಹೇಳಿದ್ದು ಅಂದ.

“ಬನ್ನಿ ಟೀಚರಮ್ಮ, ಓಗಾನ” ಎಂದ ಅಕ್ಕ ಸೆರಗು ಕೊಡವಿ ಗೇಟಿನ ಕಡೆ ನಡೆದರು.

ಸೋಮವಾರ ಪಾರ್ಕಿನ ಗೇಟಿನಲ್ಲಿ ಕಂಟ್ರಾಕ್ಟರನ್ನು ಹಿಡಿದೆ. “ಅಂಥೋರ್ನ ಒಳಗೆ ಬಿಟ್ರೆ ಒಳ್ಳೆ ಜನ ಬರಲ್ಲ ಮೇಡಂ” ಎಂದು ನಕ್ಕ.

“ನೀವು ನಿಂತಿರೋ ಈ ನೆಲದಲ್ಲಿ ಅವರು ವರ್ಷಗಟ್ಟಲೆ ಮಣ್ಣು ಹೊತ್ತಿದ್ದಾರೆ. ಆಗ ಎಲ್ಲಿದ್ದರು ನಿಮ್ಮ ಒಳ್ಳೆ ಜನ?” ನನ್ನ ದನಿ ಎಷ್ಟು ಏರಿತ್ತೆಂದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಆತ ಜಗ್ಗಲಿಲ್ಲ. ಪುರಸಭೆಗೆ ದೂರು ಬರೆದೆ. ಶಾಲೆಯ ಟೀಚರುಗಳೆಲ್ಲ ಸಹಿ ಹಾಕಿದರು. ಕೆಲವು ವಾರ ಕಳೆದು ಕಂಟ್ರಾಕ್ಟರೇ ಶಾಲೆಯ ಅಡುಗೆಮನೆ ಬಾಗಿಲಿಗೆ ಬಂದು, “ತಪ್ಪಾಯ್ತಮ್ಮ, ಇನ್ಮೇಲೆ ಬನ್ನಿ” ಅಂದ.

ಅಕ್ಕ ಸಾರಿಗೆ ಸೌಟು ಆಡಿಸುತ್ತಲೇ ಹೇಳಿದರು: “ನೀವು ಕರುದ್ರೆ ಬರಾಕೆ ಅದೇನು ನಿಮ್ಮನೆ ಜಗುಲಿಯಾ ಸಾ?”

ಆ ಸಂಜೆ ಅವರು ಕಾರ್ಖಾನೆಯಲ್ಲಿ ಜೊತೆಗೆ ದುಡಿದ ನಾಲ್ವರು ಹೆಂಗಸರನ್ನು ಕರೆದುಕೊಂಡು ಪಾರ್ಕಿಗೆ ಬಂದರು. ಕತ್ತಲಾಗುವವರೆಗೂ ಕಡಲೆಕಾಯಿ ಸುಲಿದು ತಿನ್ನುತ್ತ ನಕ್ಕರು. ನಾನೂ ನಕ್ಕೆ. ಆದರೆ ಸಿಟ್ಟು ಇಂದಿಗೂ ಇಳಿದಿಲ್ಲ. ಹೊಳೆಯ ಗಾಳಿಗೆ ಕೂರಲು ಒಬ್ಬ ಹೆಂಗಸಿಗೆ ಅಷ್ಟು ಜನ ಟೀಚರುಗಳ ಸಹಿ ಯಾಕೆ ಬೇಕಿತ್ತು?