ಭಾವನವರು ಖಡಕ್ ರೊಟ್ಟಿ ಕೇಳಲಿಲ್ಲ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅಂಗಳಕ್ಕೆ ನೀರು ಚಿಮುಕಿಸಿ ರೊಟ್ಟಿ ಬಡಿಯಲು ಕುಳಿತೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ಆಗಲೇ ಶುರುವಾಗಿತ್ತು. ನಮ್ಮವು ಮಾತ್ರ ಸುಮ್ಮನಿದ್ದವು. ಸಂಜೆ ನಮ್ಮ ಮನೆಯವರು ರಬಕವಿಗೆ ಹೋಗಿ, ಅವನ್ನು ಕೊಳ್ಳುವವರಿಗೆ ಮಾತು ಕೊಡುವುದಿತ್ತು. ಮಗ್ಗ ಮಾರಿ, ಊರಿಗೆ ಬಂದಿದ್ದ ತಮ್ಮ ಅಣ್ಣನ ಜೊತೆ ಆಫ್ರಿಕಾಕ್ಕೆ ಹೋಗಿ, ಅಲ್ಲಿಯ ಅವರ ಹಿಟ್ಟಿನ ಗಿರಣಿಯಲ್ಲಿ ಪಾಲುದಾರರಾಗುವ ವಿಚಾರ.

ಆ ಅಣ್ಣ, ನಮ್ಮ ಭಾವನವರು, ಕಾರ್ಗಿಲ್ ಯುದ್ಧದಲ್ಲಿದ್ದವರು. ಫೌಜು ಬಿಟ್ಟ ಮೇಲೆ ಊರಲ್ಲಿ ಮನಸ್ಸು ನಿಲ್ಲದೆ ಆಫ್ರಿಕಾದ ದಾರ್ ಎಸ್ ಸಲಾಮ್‌ಗೆ ಹೋದರು. ಮೊದಲು ಕಾವಲುಗಾರರ ಏಜೆನ್ಸಿ, ಆಮೇಲೆ ಲಾರಿಗಳು, ಕಡೆಗೆ ಗಿರಣಿ. ಊರಿಗೆ ಬಂದರೆ ಊಟಕ್ಕೂ ಬಿಡದ ಫೋನು. ಅಲ್ಲಿಯ ಭಾಷೆಯಲ್ಲಿ ಗದರುವರು, ನಗುವರು. ಈ ಸಲ ಫೋನು ತಾಟಿನ ಪಕ್ಕ ಬೋರಲು ಬಿದ್ದಿರುತ್ತಿತ್ತು. ಪ್ರತಿ ಸಲವೂ ಬಂದ ದಿನವೇ, ಹೋಗುವಾಗ ಒಯ್ಯಲು ಖಡಕ್ ರೊಟ್ಟಿ ಒಣಗಿಸಿಡು ಎನ್ನುತ್ತಿದ್ದವರು ಅದನ್ನೂ ಕೇಳಿರಲಿಲ್ಲ.

ಮತ್ತೊಬ್ಬರ ಬಗ್ಗೆ ಕೆಟ್ಟದ್ದೆಣಿಸುವುದು ತಪ್ಪೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ಅನುಮಾನವನ್ನು ರೊಟ್ಟಿಯ ಜೊತೆಗೇ ಬಡಿದು ತೆಳ್ಳಗೆ ಮಾಡಲು ನೋಡಿದೆ. ಆಗಲಿಲ್ಲ.

ಹಳೆಯ ಫೌಜಿ ಗೆಳೆಯನನ್ನು ಕಾಣಬೇಕೆಂದು ಭಾವನವರು ಜಮಖಂಡಿಗೆ ಹೊರಟಿದ್ದರು. ಇಸ್ತ್ರಿ ಮಾಡಿದ ಅಂಗಿ ಕೊಡಲು ಹೋದರೆ ಅವರ ಪೆಟ್ಟಿಗೆ ತೆರೆದಿತ್ತು. ಅಂಗಿಗಳ ನಡುವೆ ಪದಕಗಳ ಚೌಕಟ್ಟು. ವಿಡಿಯೋ ಕಾಲಿನಲ್ಲಿ ಅವರ ಆಫೀಸು ಕುರ್ಚಿಯ ಹಿಂದೆ ಎಷ್ಟೋ ವರ್ಷ ಕಂಡದ್ದೇ ಅದು. ಹಿಂಬದಿಗೆ ಗೋಡೆಯ ಸುಣ್ಣ ಇನ್ನೂ ಹತ್ತಿಕೊಂಡಿತ್ತು.

“ಇದನ್ನ ಯಾಕ ತಂದ್ರಿ?” ಎಂದೆ.

“ಗ್ಲಾಸ್ ಹಾಕಸಬೇಕವಾ,” ಎಂದು ಪೆಟ್ಟಿಗೆ ಮುಚ್ಚಿದರು.

ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅವರು ಹೋದ ಮೇಲೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಚಹಾ ಕುಡಿಯುತ್ತಲೇ ನಕ್ಕರು. “ನೀ ಪೊಲೀಸ್ ಖಾತೇದಾಗ ಇರಬೇಕಿತ್ತು ನೋಡು. ಅಣ್ಣ ರೊಟ್ಟಿ ಕೇಳಲಿಲ್ಲಂತ ಯಾರರೆ ಧಂದೆ ಬಿಡ್ತಾರೇನು?” ಗುಂಡಿಗೆ ಎದೆಯೊಡ್ಡಿ ಬಂದವನು ಒಡಹುಟ್ಟಿದವನಿಗೆ ಮೋಸ ಮಾಡುತ್ತಾನೆಯೇ ಎಂದೂ ಕೇಳಿದರು. ಮೋಸವೆಂದು ನಾನು ಅಂದಿರಲಿಲ್ಲ. ಅಲ್ಲಿ ಆ ಗಿರಣಿ ಇನ್ನೂ ತಿರುಗುತ್ತಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಅವರು ಬಟ್ಟಲು ಕೆಳಗಿಟ್ಟು ಎದ್ದರು.

ಸಂಜೆಯಾದರೂ ಭಾವನವರು ಬಂದಿರಲಿಲ್ಲ. ನಮ್ಮ ಮನೆಯವರು ಬಿಳಿ ಅಂಗಿ ಹಾಕಿಕೊಂಡು ಗಾಡಿಯನ್ನು ಅಂಗಳಕ್ಕೆ ಇಳಿಸಿದರು. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಮುಖ ಎತ್ತದೆಯೇ ನನಗೆ ಹೇಳಿದಳು:

“ಅಕ್ಕಾರ, ನಿಮ್ಮ ಭಾವನೋರು ಜಮಖಂಡ್ಯಾಗ ನಮ್ಮ ತಂಗಿ ಮನಿ ಮಾಳಿಗಿ ಬಾಡಿಗಿಗೆ ಹಿಡದಾರಂತಲ್ರೀ, ಮುಂದಿನ ತಿಂಗಳಿಂದ. ಅಲ್ಲೆ ನೀರಿಂದು ಭಾಳ ತ್ರಾಸ ಐತಿ, ಮೊದಲ ಒಂದ್ ಟಾಕಿ ಕೂಡಸಾಕ ಹೇಳ್ರಿ ಅವರಿಗೆ.”