ಎರಡಕ್ಕೂ ಒಂದೇ ಬರೆ

ಮೊಮ್ಮಗ ಬೈಕಿನಿಂದ ಇಳಿದವನೇ ಹೆಲ್ಮೆಟ್ಟನ್ನು ಜಗುಲಿಯ ಮೇಲೆ ಉರುಳಿಸಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತ. ದಿನಾ ಹಳದೀಪುರದಿಂದ ಭಟ್ಕಳ, ಭಟ್ಕಳದಿಂದ ಕುಮಟೆ ಎಂದು ಮನೆಮನೆಗೆ ಪಾರ್ಸೆಲ್ ಹಂಚುವ ಕೆಲಸ ಅವನದು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಾಯಿತು, ಡಬ್ಬಿಯಿಂದ ಬುಸ್ಸೆನ್ನುವ ಔಷಧಿ ಹೊಡೆದುಕೊಂಡಾಯಿತು, ನೋವು ಹೋಗಲಿಲ್ಲ. "ಅಜ್ಜಿ, ನಿಂದು ಎಂತಾದ್ರೂ ಹಳೇ ಮದ್ದಿದ್ರೆ ಮಾಡು" ಎಂದ. ಎಲ್ಲ ದೇವರ ಬಾಗಿಲು ತಟ್ಟಿದ ಮೇಲೆ ಕಡೆಗೆ ಅಜ್ಜಿಯ ನೆನಪು!

ಹಿತ್ತಲಿನಿಂದ ಎಕ್ಕದ ಎಲೆ ತಂದು, ಹರಳೆಣ್ಣೆ ಸವರಿ, ಕಾವಲಿಯ ಮೇಲೆ ಇಟ್ಟೆ. ಎಲೆ ಬಾಡುತ್ತಿದ್ದಂತೆ ಆ ಹಸಿ ಕಹಿ ವಾಸನೆ, ಅದರ ಜೊತೆಗೆ ಎಣ್ಣೆಯ ಜಿಡ್ಡು ವಾಸನೆ, ಅಡುಗೆಮನೆಯ ತುಂಬ ಹರಡಿತು. ನನ್ನ ಕೈ ಅಲ್ಲೇ ನಿಂತಿತು. ಅರವತ್ತು ವರ್ಷಗಳ ಹಿಂದೆ ಈ ವಾಸನೆ ಬೇಲಿ ದಾಟಿ ನನ್ನ ಮೂಗಿಗೆ ಬಂದಿತ್ತು...

ಬೇಲಿಯಾಚೆ ಇದ್ದದ್ದು ಭಾವನ ಮನೆ. ಸ್ವಂತ ಭಾವನಲ್ಲ. ನಮ್ಮನೆಯವರಿಗೆ ವರಸೆಯಲ್ಲಿ ಅಣ್ಣ, ಹಾಗಾಗಿ ನನಗೆ ಭಾವ. ನಾನು ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತ ಬೆಳೆದವಳು, ಮದುವೆಯಾಗಿ ಹಳದೀಪುರಕ್ಕೆ ಬಂದ ಹೊಸತು. ಬೊಂಬಾಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಕೆಲವು ವರ್ಷಗಳಾಗಿದ್ದವು. ಯಾವ ಸರ್ಕಾರ ಬಂದರೂ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಸರ್ಕಾರವೇ.

ಭಾವ ಒಳ್ಳೆಯವರಾಗಿದ್ದರು ಎಂದು ನಾನು ಬರೆಯುವುದಿಲ್ಲ. ಸತ್ತವರೆಲ್ಲ ಒಳ್ಳೆಯವರಾಗುವುದು ಅವರ ಹನ್ನೆರಡನೆಯ ದಿನದ ಊಟದಲ್ಲಿ ಮಾತ್ರ. ಬೊಂಬಾಯಿಯಲ್ಲಿ ಯಾರೋ ಸೇಠನ ಹತ್ತಿರ ಡ್ರೈವರ್ ಆಗಿದ್ದು, ಊರಿಗೆ ಬರುವಾಗ ಹಳೆಯ ಮೋಟಾರ್ ಸೈಕಲ್ ಒಂದನ್ನು ತಂದಿದ್ದರು. ಮನೆಯ ಮಾಡಿಗೆ ಹೊಸ ಸೋಗೆ ಹೊದಿಸದೆ ಎರಡು ಮಳೆಗಾಲ ಕಳೆದಿತ್ತು, ಗಾಡಿಗೆ ಮಾತ್ರ ದಿನಾ ಸ್ನಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಹೆಂಡತಿ ಮಗುವಿಗೆ ಎಣ್ಣೆ ಹಚ್ಚುವ ಮೊದಲು ಗಾಡಿಯ ಮೈಗೆ ಎಣ್ಣೆ ಹಚ್ಚಿ ಒರೆಸಬೇಕಿತ್ತು. ಆಕೆ ನನಗೆ ವರಸೆಯಲ್ಲಿ ಅಕ್ಕ, ಬಾಯಿಲ್ಲದ ಹೆಂಗಸು. ನಾನು ಅಂಗಳ ಗುಡಿಸುವ ಹೊತ್ತು ನೋಡಿಯೇ ಭಾವ ಗಾಡಿಯನ್ನು ಗುಡುಗಿಸಿ, ಗುಡಿಸಿದ ಅಂಗಳಕ್ಕೆ ಧೂಳೆಬ್ಬಿಸಿ ಹೋಗುತ್ತಿದ್ದರು. "ಬಳಚಿನ ಊರಿನವ್ಳೇ, ಹೆದ್ರಿದ್ಯಾ?" ಎಂದು ನಗುವುದು ಬೇರೆ. ನನಗೆ ಆ ಮನುಷ್ಯನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಹೊಟ್ಟೆಪಾಡಿಗೆ ಬೀಡಿ, ಹೊಗೆಸೊಪ್ಪಿನ ಏಜೆಂಟ್ ಕೆಲಸ. ಭಟ್ಕಳದಿಂದ ಕುಮಟೆಯವರೆಗೆ ಅಂಗಡಿಅಂಗಡಿಗೆ ಓಡಾಟ. ಆದರೆ ಅವರಿಗೆ ಹೆಸರು ಬಂದದ್ದು ಕೋಳಿ ಅಂಕದಲ್ಲಿ. ಕೊಯ್ಲು ಮುಗಿದ ಗದ್ದೆಯಲ್ಲಿ ಎಲ್ಲಿ ಅಂಕ ನಡೆದರೂ ಹುಂಜದ ಕಾಲಿಗೆ ಕತ್ತಿ ಕಟ್ಟಲು ಭಾವನೇ ಬೇಕು. ಅದೇನು ಸುಲಭದ ಕೆಲಸವಲ್ಲ. ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಕತ್ತಿ ಇಟ್ಟು, ನೂಲು ಬಿಗಿಯಬೇಕು. ಹೆಚ್ಚು ಬಿಗಿದರೆ ಹುಂಜ ಕುಂಟುತ್ತದೆ, ಸಡಿಲವಾದರೆ ಕತ್ತಿ ತಿರುಗಿ ನಿಲ್ಲುತ್ತದೆ. ತಿರುಗಿದ ಕತ್ತಿಯ ಹುಂಜ ಸತ್ತಂತೆಯೇ ಲೆಕ್ಕ. ಭಾವನ ಗಂಟು ಸಡಿಲವಾದದ್ದನ್ನು ಯಾರೂ ಕಂಡಿರಲಿಲ್ಲ.

ಅಂಥ ಕೈಯನ್ನು ಗಾಡಿಯೇ ತಿಂದಿತು. ಆಗಿನ ರಸ್ತೆ ಎಂದರೆ ಕೆಂಪು ಕಲ್ಲು, ಹೊಂಡ, ಮತ್ತೆ ಕಲ್ಲು. ಹಿಡಿಕೆ ತಿರುಚಿ ಹಿಡಿದ ಬಲಗೈಗೆ ಅಷ್ಟೂ ದೂರ ಬಿಡುವಿಲ್ಲ. ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಗಾಡಿಯನ್ನು ದೋಣಿಗೆ ಏರಿಸಿ, ಆಚೆ ದಡ ಮುಟ್ಟುವ ತನಕ ಅದು ಬೀಳದಂತೆ ತಬ್ಬಿ ಹಿಡಿದು ನಿಲ್ಲಬೇಕಿತ್ತು. ಕಾಲ ಕಳೆದಂತೆ ಮಣಿಕಟ್ಟು ಬಾತುಕೊಂಡಿತು. ಭಾವ ಸೆಖೆಯಲ್ಲೂ ತುಂಬುತೋಳಿನ ಅಂಗಿ ಹಾಕತೊಡಗಿದರು. ಬಾವಿಯಿಂದ ನೀರೆಳೆಯುವುದನ್ನು ಬಿಟ್ಟರು. ತಂಬಿಗೆಯನ್ನು ಎಡಗೈಯಲ್ಲಿ ಎತ್ತಿದ್ದನ್ನು ಬೇಲಿಯ ಸಂದಿಯಿಂದ ನಾನೇ ನೋಡಿದೆ. ಸಂಜೆಯಾದರೆ ಅವರ ಹಿತ್ತಲಿನಿಂದ ಎಕ್ಕದೆಲೆ ಕಾಸುವ ವಾಸನೆ ಬರುತ್ತಿತ್ತು.

"ಸ್ವಲ್ಪ ದಿವ್ಸ ಗಾಡಿ ಬಿಡೂದ್ ನಿಲ್ಸಿ" ಎಂದು ಅಕ್ಕ ಅಳುತ್ತಿದ್ದಳು.

"ನಡ್ಕಂಡ್ ಹೋದ್ರೆ ಊರು ನಗೂದಿಲ್ವನೆ? ಕೈ ಹೋಯ್ತು ಅಂತ ಗೊತ್ತಾದ್ರೆ ನಾಳೆ ಯಾರು ಕರೀತಾರೆ ನನ್ನ? ಬಾಯ್ ಮುಚ್ಕಂಡು ಎಲೆ ಕಟ್ಟು."

ನನಗೆ ಆಗ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ? ನನ್ನ ಅಂಗಳಕ್ಕೆ ಧೂಳೆಬ್ಬಿಸಿದ ಕೈ, ಅನುಭವಿಸಲಿ ಎಂದುಕೊಂಡೆ.

ನಮ್ಮ ಮನೆಯಲ್ಲಿ ಒಂದು ಕೆಂಪು ಹುಂಜ ಇತ್ತು. ಅದು ನಮ್ಮನೆಯವರ ಹುಂಜ ಎಂದು ಊರು ಹೇಳುತ್ತಿತ್ತು, ಆದರೆ ಅದರ ತಾಯಿ ನಮ್ಮ ಅತ್ತೆ. ಗಂಡ ಹೋದ ಮೇಲೆ ಅತ್ತೆ ಯಾರ ಹತ್ತಿರವಾದರೂ ನಗುತ್ತ ಮಾತಾಡಿದ್ದರೆ ಅದು ಆ ಹುಂಜದ ಹತ್ತಿರ. ತಮ್ಮ ಬಟ್ಟಲಿನಿಂದ ಅನ್ನ ತೆಗೆದು, ಉಂಡೆ ಕಟ್ಟಿ, ಅದಕ್ಕೆ ತಿನ್ನಿಸುತ್ತಿದ್ದರು. ನನಗೆ ಗಂಜಿಯ ಮೇಲಿನ ತಿಳಿ. ಹೊಟ್ಟೆಕಿಚ್ಚಲ್ಲ, ಇದ್ದದ್ದನ್ನು ಹೇಳಿದೆ.

ಆ ವರ್ಷ ಕುಮಟೆ ಕಡೆಯ ಒಬ್ಬನ ಹುಂಜದ ಎದುರು ನಮ್ಮ ಹುಂಜವನ್ನು ಬಿಡುವುದೆಂದಾಯಿತು. ಮಗನ ಹಟಕ್ಕೆ ಅತ್ತೆ ಒಪ್ಪಿದ್ದು ಒಂದೇ ಮಾತಿನ ಮೇಲೆ. ಕತ್ತಿ ಭಾವನೇ ಕಟ್ಟಬೇಕು. ಗದ್ದೆಗೆ ಹೆಂಗಸರು ಹೋಗುವ ಹಾಗಿರಲಿಲ್ಲ. ಸಂಜೆ ನಮ್ಮನೆಯವರು ಬರಿಗೈಯಲ್ಲಿ ಬಂದರು. ಬಿಟ್ಟ ಕೂಡಲೇ ನಮ್ಮ ಹುಂಜದ ಕತ್ತಿ ತಿರುಗಿತಂತೆ. ಎದುರು ಹುಂಜದ ಒಂದೇ ನೆಗೆತಕ್ಕೆ ಎಲ್ಲ ಮುಗಿಯಿತಂತೆ. ಸತ್ತ ಹುಂಜ ಗೆದ್ದವನಿಗೆ ಸೇರಬೇಕೆಂಬುದು ಅಂಕದ ನಿಯಮ. ಅತ್ತೆಗೆ ಅದರ ಒಂದು ಗರಿಯೂ ಸಿಗಲಿಲ್ಲ.

ಗದ್ದೆಯಲ್ಲೇ ಗಲಾಟೆಯಾಗಿತ್ತು. ಭಾವ ಆಚೆ ಕಡೆಯವರ ಜೊತೆ ಸೇರಿ ಬೇಕೆಂದೇ ಗಂಟು ಸಡಿಲ ಬಿಟ್ಟರು ಎಂದು ಎಲ್ಲರ ಬಾಯಲ್ಲೂ ಬಂತು. ಆಗ, ಮೊದಲ ಸಲ, ಭಾವ ನಿಜ ಹೇಳಿದರು. ಮಣಿಕಟ್ಟು ನೋವು, ಬೆರಳಿಗೆ ಹಿಡಿತವಿಲ್ಲ, ಗಾಡಿ ಬಿಟ್ಟೂ ಬಿಟ್ಟೂ ಹೀಗಾಗಿದೆ ಎಂದರು. ಜನ ಬಿದ್ದು ಬಿದ್ದು ನಕ್ಕರು. "ಈಗ ಗಾಡಿ ಬಿಟ್ಕಂಡ್ ಬಂದದ್ದು ಯಾವ ಕೈಲಿ ಮಾರಾಯಾ?" ಎಂದು ಒಬ್ಬ ಕೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಇನ್ನೊಬ್ಬ. ಎಷ್ಟು ದಿನ ನೋವನ್ನು ಮುಚ್ಚಿಟ್ಟಿದ್ದರೋ, ಅದೇ ಮುಚ್ಚಿಟ್ಟದ್ದು ಈಗ ಅವರ ಕುತ್ತಿಗೆಗೆ ಬಂತು.

ಅತ್ತೆ ಅಳಲಿಲ್ಲ. ಜಗುಲಿಯಲ್ಲಿ ಕೂತು, ಎಲೆಯಡಿಕೆ ಜಗಿದು, ತೀರ್ಪು ಕೊಟ್ಟರು. ಅವರು ಸುತ್ತಿನ ಊರಿಗೆಲ್ಲ ಬರೆ ಹಾಕುವ ಹೆಂಗಸು. ಕಾಮಾಲೆಗೆ, ಮಕ್ಕಳ ಹೊಟ್ಟೆನೋವಿಗೆ, ಮಂಡಿ ಹಿಡಿದವರಿಗೆ ಅವರ ಕಬ್ಬಿಣದ ಸರಳೇ ಮದ್ದು. ಹೊನ್ನಾವರದಿಂದಲೂ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

"ನೋವು ಖರೆ ಆದ್ರೆ ಮದ್ದಾತು. ಸುಳ್ಳಾದ್ರೆ ಶಿಕ್ಷೆ ಆತು. ಎರಡಕ್ಕೂ ಒಂದೇ ಬರೆ ಸಾಕು. ನಾಳೆ ಬೆಳಿಗ್ಗೆ ಬರೂಕ್ ಹೇಳು. ಕೈ ಎಳ್ಕಂಡ್ರೆ ಕಳ್ಳ."

ಎಂಥ ನ್ಯಾಯ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೇಳಿದವರೆಲ್ಲ ತಲೆದೂಗಿದರು. ಅಕ್ಕ ಬೇಲಿಯ ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ಭಾವನ ಮೇಲಿನ ಸಿಟ್ಟು ಬೇರೆ, ಇದು ಬೇರೆ. ನಾನು ಅತ್ತೆಯ ಹತ್ತಿರ ಹೋಗಿ ಹೇಳಿದೆ.

"ಅತ್ತೇ, ಅವ್ರ ಕೈನೋವು ಖರೆ. ದಿನಾ ಎಕ್ಕದೆಲೆ ಕಾಸೂದು ನಾ ಕಂಡಿದ್ದೆ."

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಆ ಎಲೆಯ ವಾಸನೆ ಹಿಡಿಯಲು ಅವರ ಮೂಗೇನು ನನ್ನ ಮೂಗಿಗಿಂತ ಮೊಂಡಾಗಿತ್ತೇ?

"ಖರೆ ಆದ್ರೆ ಹೆದ್ರೂದು ಎಂತಕ್ಕೆ? ಮದ್ದೇ ಆತಲ್ಲ. ನೀ ಬೆಂಕಿ ಮಾಡು."

ಗಂಡನಿಗೂ ಹೇಳಿದೆ. ಅಮ್ಮನಿಗೆ ಗೊತ್ತಿರುವುದಕ್ಕಿಂತ ಹೆಚ್ಚು ನಿನಗೆ ಗೊತ್ತಾ ಎಂದು ಮಗ್ಗುಲಾದರು.

ಬೆಳಿಗ್ಗೆ ಭಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಹೆಣ್ಣು ನೋಡಲು ಹೊರಟವರ ಹಾಗಿದ್ದರು. ಅಂಗಳದ ತುಂಬ ಜನ. ಬಾರದೆ ಇದ್ದರೆ ಕಳ್ಳ ಎಂದಾಗುತ್ತಿತ್ತು. ಮೂರು ಊರಿನಲ್ಲಿ ಇದ್ದ ಒಂದೇ ಒಂದು ಆಸ್ತಿ, ಆ ಹೆಸರು, ಹೋಗುತ್ತಿತ್ತು. ಅಂಗಿಯ ತೋಳು ಮಡಚಿ ಕೈ ಚಾಚಿದರು. ಮಣಿಕಟ್ಟು ಕುಂಬಳದ ಮಿಡಿಯಂತೆ ಬಾತಿತ್ತು. ಕಣ್ಣಿದ್ದವರಿಗೆ ಅಷ್ಟೇ ಸಾಕಿತ್ತು. ಆದರೆ ತೀರ್ಪು ಆಗಿಹೋಗಿತ್ತು, ಮತ್ತೆ ಜನ ಬಂದದ್ದು ಬಾವು ನೋಡಲಿಕ್ಕಲ್ಲ.

ಅತ್ತೆಯ ಬರೆಗೆ ಒಂದು ಕ್ರಮವಿತ್ತು. ಸರಳು ಮುಟ್ಟಿಸುವಾಗ "ಹೋತು, ಹೋತು, ನೋವು ಹೋತು" ಎನ್ನುತ್ತಿದ್ದರು. ಆ ಮಾತು ಮುಗಿಯುವುದಕ್ಕೂ ಸರಳು ಎತ್ತುವುದಕ್ಕೂ ಸರಿ. ಎಳೆ ಮಕ್ಕಳ ಹೊಟ್ಟೆಯ ಮೇಲೆ ಅದನ್ನು ಎಷ್ಟು ಬೇಗ ಹೇಳುತ್ತಿದ್ದರೆಂದರೆ, ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಮುಗಿದಿರುತ್ತಿತ್ತು. ನಾನು ಕೆಂಡದಿಂದ ಸರಳು ತೆಗೆದುಕೊಟ್ಟೆ. ಅತ್ತೆ ಭಾವನ ಮಣಿಕಟ್ಟಿಗೆ ಅದನ್ನು ಇಟ್ಟರು.

"ಹೋತು..." ಎಂದರು. ಅಲ್ಲಿಗೆ ನಿಲ್ಲಿಸಿದರು. ಸರಳು ಎತ್ತಲಿಲ್ಲ. ಏನೋ ಮರೆತದ್ದು ನೆನಪಾದವರಂತೆ ಮಗನ ಕಡೆ ತಿರುಗಿದರು.

"ಮಗಾ, ನಮ್ಮ ಹುಂಜ ಮರಿ ಆದದ್ದು ಯಾವ ಸುಗ್ಗಿಗೆ?"

ನಮ್ಮನೆಯವರು ಪಾಪ, ಪೆದ್ದು ಮನುಷ್ಯ. ನಿಜವಾಗಿಯೂ ಯೋಚಿಸತೊಡಗಿದರು. "ಹೋದ ಸುಗ್ಗಿಗೆ ಅಲ್ದಾ... ಅಲ್ಲ ಅಲ್ಲ, ಆಗ ಆಗ್ಲೇ ಕೂಗ್ತಿತ್ತು. ಅದ್ರ ಹಿಂದಿನ ಸುಗ್ಗಿ ಇರ್ಬೇಕು ಅಮ್ಮ."

"ಹೌದು, ಅದ್ರ ಹಿಂದಿನ ಸುಗ್ಗಿ" ಎಂದರು ಅತ್ತೆ. "ಹೋತು. ನೋವು ಹೋತು."

ಭಾವ ಕೈ ಎಳೆದುಕೊಳ್ಳಲಿಲ್ಲ. ಕೂಗಲಿಲ್ಲ. ಬಾಯಿಂದ ಎಂಜಲು ಇಳಿದು ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಸುಟ್ಟ ವಾಸನೆಗೆ ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡೆ. ಜನ ಒಬ್ಬರನ್ನೊಬ್ಬರು ನೋಡಿಕೊಂಡು, ಖರೆ ನೋವೇ ಇತ್ತು ಕಾಣ್ತದೆ, ಮನುಷ್ಯ ಕಳ್ಳನಲ್ಲ ಎಂದರು. ಕೆಲವರು ಬೆನ್ನು ತಟ್ಟಿದರು. ಭಾವನ ಹೆಸರು ಉಳಿಯಿತು.

ಕೈ ಉಳಿಯಲಿಲ್ಲ. ಗಾಯ ಕೀವು ತುಂಬಿತು. ಕುಮಟೆಯ ಡಾಕ್ಟರರ ಹತ್ತಿರ ಹೋಗುವಷ್ಟರಲ್ಲಿ ತಡವಾಗಿತ್ತು. ಗಾಯ ಒಣಗಿದ ಮೇಲೆ ಬೆರಳುಗಳು ಮಡಚಿಕೊಂಡು ಹಾಗೆಯೇ ನಿಂತವು. ಬೀಡಿಯ ಏಜೆಂಟ್ ಕೆಲಸ ಬೇರೆಯವರಿಗೆ ಹೋಯಿತು. ಕತ್ತಿ ಕಟ್ಟಲು ಕರೆಯುವವರು ಇರಲಿಲ್ಲ. ಪ್ರಾಮಾಣಿಕ ಎಂದು ಹೊಗಳುವವರು ಮಾತ್ರ ಬೇಕಾದಷ್ಟಿದ್ದರು. ಗಾಡಿ ಕೊಟ್ಟಿಗೆಯ ಮೂಲೆ ಸೇರಿತು, ಅದರ ಸೀಟಿನ ಮೇಲೆ ಕೋಳಿಗಳು ಮಲಗತೊಡಗಿದವು. ಅಕ್ಕ ಗದ್ದೆ ಕೂಲಿಗೆ ಹೋಗಿ ಗಂಡನಿಗೂ ಮಗುವಿಗೂ ಅನ್ನ ಹಾಕಿದಳು.

ಒಂದು ದಿನ ಅತ್ತೆ ಬೇಲಿಯ ಹತ್ತಿರ ನಿಂತು, ನಾಲ್ಕು ಜನ ಕೇಳುವ ಹಾಗೆ, "ಈಗ ಹ್ಯಾಂಗದೆ? ಕೈ ನೋವು ಉಂಟನಾ?" ಎಂದು ಕೇಳಿದರು.

"ಇಲ್ಲ ಚಿಕ್ಕಮ್ಮ" ಎಂದರು ಭಾವ. "ಎಂತದೂ ಗೊತ್ತಾಗೂದಿಲ್ಲ."

ಅತ್ತೆ ಗೆದ್ದವರಂತೆ ಒಳಗೆ ಬಂದರು. ತಮ್ಮ ಬರೆ ಎಂದೂ ಸುಳ್ಳಾಗಿಲ್ಲ ಎಂದು ಸಾಯುವ ತನಕ ಹೇಳಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂದಾಗ ನಾನು ಮಾಡಿದ ಮೊದಲ ಕೆಲಸ ಆ ಸರಳನ್ನು ಬಾವಿಗೆ ಹಾಕಿದ್ದು. ಅಷ್ಟು ಹೊತ್ತಿಗೆ ಭಾವ ಇರಲಿಲ್ಲ. ಅಕ್ಕ ಗಾಡಿಯನ್ನು ಗುಜರಿಯವನಿಗೆ ಕೊಟ್ಟು, ಮಗನನ್ನು ಕರೆದುಕೊಂಡು ತವರಿಗೆ ಹೋದವಳು ಮತ್ತೆ ಬರಲಿಲ್ಲ. ಈಗ ಬೇಲಿಯಾಚೆ ಯಾರದೋ ಹೊಸ ಮನೆ. ನನ್ನ ಅಂಗಳಕ್ಕೆ ಧೂಳೆಬ್ಬಿಸಲು ಯಾರೂ ಇಲ್ಲ. ಆ ಧೂಳನ್ನು ಇನ್ನೊಂದು ಸಲ ಗುಡಿಸಬೇಕು ಅನ್ನಿಸುತ್ತದೆ...

ಕಾವಲಿಯಲ್ಲಿ ಎಲೆ ಕಂದಿಹೋಗುತ್ತಿತ್ತು. ಗಡಿಬಿಡಿಯಲ್ಲಿ ತೆಗೆದು ಮೊಮ್ಮಗನ ಮಣಿಕಟ್ಟಿನ ಮೇಲೆ ಇಟ್ಟೆ.

"ಅಯ್ಯೋ ಅಜ್ಜಿ, ಸುಡ್ತದೆ!" ಎಂದು ಅವನು ಕೈ ಎಳೆದುಕೊಂಡ. ಎಲೆ ನೆಲಕ್ಕೆ ಬಿತ್ತು. ನಾನು ಅವನ ಕೈ ಹಿಡಿದು ಊದಿದೆ. ಚರ್ಮ ಸ್ವಲ್ಪ ಕೆಂಪಾಗಿತ್ತು, ಅಷ್ಟೆ. ಬೇರೆ ಗುರುತೇನೂ ಇರಲಿಲ್ಲ. ಇನ್ನೊಂದು ಎಲೆ ಕಾಸಿ, ಈ ಸಲ ನನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಮೆಲ್ಲಗೆ ಇಟ್ಟೆ.

"ನೋವು ಹೋಗ್ತದಾ ಅಜ್ಜಿ?" ಎಂದು ಕೇಳಿದ.

ಅತ್ತೆಯ ಆ "ಹೋತು, ಹೋತು" ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ಸುಟ್ರೆ ಕೈ ಎಳ್ಕ ಮಗಾ" ಎಂದೆ.