ಕರೆಂಟ್ ಹೋದ ಮೇಲೂ ನಡೆದ ಮಗ್ಗ

ನಮ್ಮ ದೊಡ್ಡವ್ವನ ಹೆಬ್ಬೆರಳ ಉಗುರಿಗೆ ತನ್ನದೇ ಬಣ್ಣ ಅಂತ ಇರಲೇ ಇಲ್ಲ. ಮಗ್ಗದ ಕಂಡಿಕೆಗೆ ಸುತ್ತುವ ನೂಲಿನ ಬಣ್ಣವೇ ಅದರ ಬಣ್ಣ; ಒಂದಿನ ಅರಿಷಿಣ, ಒಂದಿನ ಗಿಳಿಹಸಿರು. ಬನಹಟ್ಟಿಯ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಳೆಂದರೆ ಏಳುತ್ತಿದ್ದುದು ಊಟಕ್ಕೇ. ಗೋಡೆಯ ಆಚೆ ಪವರ್‌ಲೂಮು. ಮಗ್ಗ ಬಡಿದರೆ ಗೋಡೆ ನಡುಗುತ್ತಿತ್ತು, ಗೋಡೆಯ ಜೊತೆ ದೊಡ್ಡವ್ವ, ದೊಡ್ಡವ್ವನ ಜೊತೆ ಅವಳ ತೊಡೆಯ ಮೇಲೆ ಮಲಗಿದ ನಾನು. ಕೂಸಿದ್ದಾಗಲೇ ಹೆತ್ತವ್ವನನ್ನು ಕಳಕೊಂಡ ನನಗೆ ಅದೇ ತೊಟ್ಟಿಲು. ಬೀಗರು ಬಂದವರು, ಈ ಗದ್ದಲದಾಗ ಹೆಂಗ ನಿದ್ದಿ ಬರ್ತೈತಿ ಅಂತ ಕೇಳಿದರೆ ದೊಡ್ಡವ್ವ ನಗುವಳು: "ಗದ್ದಲ ನಿಂತ್ರ ನಮಗ ಎಚ್ಚರ ಆಗತೈತ್ರಿ."

ಹೋದ ವರ್ಷ ಒಂದು ಮಧ್ಯಾಹ್ನ ಎದೆ ಒತ್ತಿಕೊಂಡು ನನ್ನನ್ನು ಕರೆದಳು.

"ತಂಗಿ, ಮಗ್ಗ ಯಾಕ ಹಿಂಗ ತಪ್ಪಿ ತಪ್ಪಿ ಬಡ್ಯಾಕತ್ತಾವು? ಮೊನ್ನಿಂದ ಹಿಂಗ ಐತಿ. ಬೆನ್ನಾಗಿಂದು ಎದಿಗೆ ಬರಾಕತ್ತೈತಿ."

"ಯಾವ ಮಗ್ಗ ಬೇ? ಕರೆಂಟ್ ಹೋಗಿ ತಾಸಾತು!"

ಅಂಗೈಯನ್ನು ಗೋಡೆಗೆ ಇಟ್ಟು ನೋಡಿದಳು. ಗೋಡೆ ಸುಮ್ಮನಿತ್ತು. "ಹಂಗಾರ ನನ್ನ ಎದಿಯಾಗ ಯಾರು ನೇಯಾಕತ್ತಾರು?" ಅಂದಳು. ಹಣೆ ತುಂಬ ಬೆವರು. ಸಿಕ್ಕ ಗಾಡಿಯಲ್ಲಿ ಕೂರಿಸಿಕೊಂಡು ಓಡಿದೆ.

ಜಮಖಂಡಿಯ ಡಾಕ್ಟರು ಇಸಿಜಿ ನೋಡಿ ನನ್ನನ್ನು ಹೊರಗೆ ಕರೆದರು. "ಹೃದಯಕ್ಕ ರಕ್ತ ಒಯ್ಯೂ ನಾಳ ಕಟ್ಟೈತ್ರಿ. ರಕ್ತ ಸಾಲದ ಭಾಗ ಹಸದು, ತನಗ ತಿಳದಂಗ ಬಡ್ಯಾಕತ್ತೈತಿ. ತಾಳ ಪೂರಾ ಕೆಟ್ರ ಹೃದಯ ಬರೇ ನಡಗತೈತಿ, ರಕ್ತ ದೂಡೂದಿಲ್ಲ. ಈಗಿಂದೀಗ ಬೆಳಗಾವಿಗೆ ಒಯ್ರಿ."

ಆಕೆಗೆ ಎಲ್ಲ ಕೇಳಿಸಿತ್ತು. "ಹಸದವರು ಗದ್ದಲ ಮಾಡಲಾರದ ಇರ್ತಾರೇನ್ರಿ?" ಅಂದಳು. ಡಾಕ್ಟರಿಗೂ ನಗು ಬಂತು.

ಆಂಬುಲೆನ್ಸಿನಲ್ಲಿ ಅವಳ ಮಣಿಕಟ್ಟು ಹಿಡಿದು ಕೂತೆ. ಬೆರಳ ಕೆಳಗೆ ಎರಡು ಬಡಿತ, ಒಂದು ಬಿಡುವು. ಆ ಬಿಡುವಿನಲ್ಲೇ ನನ್ನ ಜೀವ ಹೋಗಿ ಬರುತ್ತಿತ್ತು. ಮನೆದೇವರಿಗೆ ಮೊರೆಯಿಟ್ಟೆ: ಯಪ್ಪಾ ಮಲ್ಲಯ್ಯಾ, ಇಷ್ಟು ದಿನ ನನ್ನನ್ನು ತೂಗಿದವಳನ್ನು ಬಿಟ್ಟುಕೊಡು. ಮಹಾಲಿಂಗಪುರ ದಾಟುವಾಗ ಆಲೆಮನೆಯ ಬೆಲ್ಲದ ವಾಸನೆ ಒಳಗೆ ಬಂತು. "ಛಲೋ ಪಾಕ," ಅಂದಳು, ಕಣ್ಣು ತೆರೆಯದೆ.

ಆಮೇಲೆ ನಾಡಿ ಸಿಗಲಿಲ್ಲ. ಜೊತೆಗಿದ್ದ ನರ್ಸ್ ನನ್ನನ್ನು ಸರಿಸಿ ಎದೆ ಒತ್ತತೊಡಗಿದ, ಒತ್ತಿ ಒತ್ತಿ ಬಸವಳಿದ. ಕೊನೆಗೆ, "ಹೋದ್ರು ಅಕ್ಕಾರ," ಅಂದ.

ನಾನು ಮಣಿಕಟ್ಟು ಬಿಡಲಿಲ್ಲ. ಈ ಸಲ ಬಿಡುವು ಸ್ವಲ್ಪ ಉದ್ದ, ಅಷ್ಟೇ. ಇನ್ನೊಂದು ಬಡಿತ ಬಂದೇ ಬರುತ್ತದೆ ಅಂತ ಗೋಕಾಕದವರೆಗೂ ಕಾದೆ.